ಪೇಟೆಂಟಿನ ಸೇರು, ಹೆಬ್ಬಾಳದ ರಾಗಿ

ನಮ್ಮ ಬೀದಿಯ ಕೊನೆಯ ಮನೆಯ ಹುಡುಗ ಒಂದು ಸಂಜೆ ನನ್ನಲ್ಲಿಗೆ ಬಂದ. ಹುಡುಗನೆಂದು ನಾನು ವಾಡಿಕೆಯಿಂದ ಹೇಳುತ್ತೇನೆಯೇ ಹೊರತು, ಅವನು ಓದು ಮುಗಿಸಿ ನಾಗವಾರದ ಕಡೆಯ ದೊಡ್ಡ ಕಚೇರಿಯೊಂದರಲ್ಲಿ ಕೆಲಸಕ್ಕಿರುವ ಇಂಜಿನಿಯರು. ಅವನ ಕೈಯಲ್ಲಿ ಬೆಂಗಳೂರಿನ ನಕ್ಷೆಯೊಂದಿತ್ತು. ನಕ್ಷೆಯ ತುಂಬ ಕೆಂಪು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದೊಂದು ಪೇಟೆಂಟಂತೆ. ಹೊಸದನ್ನು ಕಂಡುಹಿಡಿದವರು ಅರ್ಜಿಯಲ್ಲಿ ಕೊಟ್ಟ ವಿಳಾಸದಿಂದ ಅಂಚೆಯ ಪಿನ್ ಸಂಖ್ಯೆಯನ್ನು ಹೆಕ್ಕಿ, ಆ ಬಡಾವಣೆಯ ಮೇಲೆ ಚುಕ್ಕೆಯಿಟ್ಟಿದ್ದಾನೆ. ಯಶವಂತಪುರಕ್ಕೆ 560022, ಹೆಬ್ಬಾಳಕ್ಕೆ 560024, ಯಲಹಂಕಕ್ಕೆ 560064, ನಮ್ಮ ರವೀಂದ್ರನಾಥ ಠಾಕೂರ್ ನಗರಕ್ಕೆ, ಎಂದರೆ ಎಲ್ಲರ ಬಾಯಲ್ಲಿ ಆರ್. ಟಿ. ನಗರವಾಗಿರುವ ಈ ಬಡಾವಣೆಗೆ, 560032.

"ಇದು ಊರಿನ ಬುದ್ಧಿಯ ನಕ್ಷೆ, ತಾತ" ಎಂದ.

ಈಚಿನ ವರ್ಷಗಳ ಹಾಳೆಯಲ್ಲಿ ಬಳ್ಳಾರಿ ರಸ್ತೆಯ ಎರಡು ಮಗ್ಗುಲಿಗೂ ಚುಕ್ಕೆಗಳು ಜಾತ್ರೆ ನೆರೆದಂತೆ ನೆರೆದಿದ್ದವು. ಹಿಂದಿನ ಹಾಳೆಗಳಿಗೆ ಹೋದಂತೆ ಅವು ವಿರಳವಾದವು. ನಾನು ಹುಟ್ಟಿ ಬೆಳೆದ ಕಾಲದ ಹಾಳೆ ಹೆಚ್ಚುಕಡಿಮೆ ಬಿಳಿಯ ಕಾಗದ. ಹುಡುಗ ಸೌಜನ್ಯದವನು, ಆದರೂ ಕೇಳಿಯೇಬಿಟ್ಟ: "ನಿಮ್ಮ ಕಾಲದಲ್ಲಿ ಈ ಕಡೆ ಯಾರೂ ಏನನ್ನೂ ಕಂಡುಹಿಡಿಯಲೇ ಇಲ್ಲವೇ?"

ನಾನು ಮೂವತ್ತೈದು ವರ್ಷ ಲೆಕ್ಕ ಬರೆದು ನಿವೃತ್ತನಾದವನು. ಕೂಡುವುದರಲ್ಲಿ ತಪ್ಪು ಮಾಡುವ ಲೆಕ್ಕಿಗರು ಕಡಮೆ. ಯಾವುದನ್ನು ಪುಸ್ತಕಕ್ಕೆ ಹತ್ತಿಸಬೇಕು, ಯಾವುದನ್ನು ಬಿಡಬೇಕು ಎಂಬಲ್ಲಿ ಎಡವುವವರೇ ಹೆಚ್ಚು. ಹುಡುಗನ ಕೂಡಿಕೆಯಲ್ಲಿ ದೋಷವಿರಲಿಲ್ಲ. ಆದರೆ ಅವನ ಪ್ರಶ್ನೆ ನನಗೆ ಚುಚ್ಚಿತು. ಏಕೆಂಬುದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು ಅವನು ಅಳೆದ ಸೇರಿನ ವಿಚಾರವನ್ನಷ್ಟು ನೋಡೋಣ. ಹಿಂದೆ ನಮ್ಮ ಹಳ್ಳಿಗಳಲ್ಲಿ ಊರಿಗೊಂದು ಕೊಳಗವಿತ್ತು. ಕಣದಲ್ಲಿ ರಾಗಿ ಅಳೆಯುವಾಗ ಗೋಪುರ ಕಟ್ಟಿ ಅಳೆಯುವುದೋ, ಕೋಲೆಳೆದು ಮಟ್ಟಮಾಡಿ ಅಳೆಯುವುದೋ ಎಂದು ಜಗಳವೂ ಇತ್ತು. ಅಳೆಯುವ ಪಾತ್ರೆಯನ್ನು ಯಾರು, ಯಾವುದಕ್ಕಾಗಿ ಮಾಡಿಸಿದರೆಂದು ತಿಳಿಯದೆ ರಾಶಿಯ ಗಾತ್ರವನ್ನು ಹೇಳಬಾರದು.

ಸೇರು ಎಲ್ಲಿಂದ ಬಂತು?

ನಮ್ಮ ದೇಶದಲ್ಲಿ ಪೇಟೆಂಟಿನ ಕಥೆ ಶುರುವಾಗುವುದು ಸೆಖೆಯಿಂದ. 1856ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸರಕಾರ, ಹೊಸ ಉಪಜ್ಞೆಗಳಿಗೆ 14 ವರ್ಷಗಳ ವಿಶೇಷ ಹಕ್ಕು ಕೊಡುವ ಕಾನೂನನ್ನು ಮಾಡಿತು. ಆ ವರ್ಷದ ಮಾರ್ಚ್ 3ರಂದೇ ಕಲ್ಕತ್ತೆಯ ಸಿವಿಲ್ ಇಂಜಿನಿಯರ್ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್ ಎಂಬಾತ ಅರ್ಜಿ ಹಾಕಿದ. ಅವನು ಕಂಡುಹಿಡಿದದ್ದು ಪಂಖಾ ಎಳೆಯುವ ಯಂತ್ರ. ದೊರೆಗಳ ತಲೆಯ ಮೇಲೆ ತೂಗುವ ಬೀಸಣಿಗೆಯನ್ನು ಹಗಲಿರುಳು ಹಗ್ಗ ಹಿಡಿದು ಎಳೆಯುತ್ತಿದ್ದ ಪಂಖಾದವನ ಕೈಗಳಿಗೆ ಬದಲಾಗಿ ಒಂದು ಯಂತ್ರ! ಇದೇ ಭಾರತದ ಮೊದಲ ಪೇಟೆಂಟೆಂದು ಪ್ರಸಿದ್ಧವಾಗಿದೆ. ಇಂಗ್ಲೆಂಡಿನ ರಾಣಿಯ ಅನುಮತಿ ಪಡೆಯದೆ ಮಾಡಿದ್ದೆಂಬ ಕಾರಣಕ್ಕೆ ಆ ಕಾನೂನು ಮರುವರ್ಷವೇ ರದ್ದಾಗಿ, 1859ರಲ್ಲಿ ಇನ್ನೊಂದು ಬಂತು. ಆಮೇಲೆ 1888ರದೊಂದು, 1911ರದೊಂದು.

ಈ 1911ರ ಕಾನೂನು ಬ್ರಿಟಿಷ್ ಇಂಡಿಯದ ಕಾನೂನು. ಮೈಸೂರು ಸಂಸ್ಥಾನ ಅದರ ಆಡಳಿತದ ಹೊರಗಿತ್ತು. ಆದ್ದರಿಂದ ಕಲ್ಕತ್ತೆಯ ದಾಖಲೆಯನ್ನು ಹಿಡಿದುಕೊಂಡು, ಯಲಹಂಕದಲ್ಲೋ ಯಶವಂತಪುರದಲ್ಲೋ 1950ಕ್ಕೆ ಮುಂಚೆ ಎಷ್ಟು ಜನ ಜಾಣರಿದ್ದರೆಂದು ಎಣಿಸಹೊರಡುವುದು, ಪಕ್ಕದ ಊರಿನ ಜನನ ಮರಣದ ಪುಸ್ತಕದಲ್ಲಿ ನಮ್ಮ ಊರಿನ ಮಕ್ಕಳನ್ನು ಹುಡುಕಿದಂತೆ.

ಸ್ವಾತಂತ್ರ್ಯ ಬಂದ ಮೇಲಾದರೂ ಸೇರು ನಮ್ಮದಾಯಿತೇ? ಅದೂ ಇಲ್ಲ. ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ಯರು 1959ರಲ್ಲಿ ಸರಕಾರಕ್ಕೊಪ್ಪಿಸಿದ ವರದಿಯನ್ನು ಬಲ್ಲವರಿಗೆ ಈ ಸಂಗತಿ ಹೊಸದಲ್ಲ. ಭಾರತದಲ್ಲಿ ಕೊಟ್ಟ ಪೇಟೆಂಟುಗಳಲ್ಲಿ ಬಹುಪಾಲು ವಿದೇಶೀಯರ ಕೈಯಲ್ಲಿದ್ದುವು. ಅವುಗಳಲ್ಲೂ ಬಹುಪಾಲು ಇಲ್ಲಿ ಕಾರ್ಯರೂಪಕ್ಕೆ ಬಂದಿರಲೇ ಇಲ್ಲ. ಸಂತೆಯಲ್ಲಿ ಅಂಗಡಿ ಹಾಕದೆ ಟವೆಲು ಹಾಸಿ ಜಾಗ ಹಿಡಿದಿಟ್ಟಂತೆ ಅವರು ನಮ್ಮ ಮಾರುಕಟ್ಟೆಯನ್ನು ಹಿಡಿದಿಟ್ಟಿದ್ದರು. ಆ ವರ್ಷಗಳ ಪೇಟೆಂಟುಗಳ ಸಂಖ್ಯೆಯನ್ನು ಕೂಡಿದರೆ ದೊರೆಯುವುದು ನಮ್ಮ ಬುದ್ಧಿಯ ಮೊತ್ತವಲ್ಲ, ಪರರು ಹಾಸಿದ ಟವೆಲುಗಳ ಮೊತ್ತ. ಅಯ್ಯಂಗಾರ್ಯರ ವರದಿಯ ತಳಹದಿಯ ಮೇಲೆಯೇ 1970ರ ಕಾನೂನು ನಿಂತಿತು. 1972ರ ಏಪ್ರಿಲಿನಿಂದ ಅದು ಜಾರಿಗೆ ಬಂತು. ಹುಡುಗನ ನಕ್ಷೆಗೆ ಆಧಾರವಾದ ಪಿನ್ ಸಂಖ್ಯೆಯೂ ಅದೇ ವರ್ಷದ ಆಗಸ್ಟ್ 15ರಂದು ಹುಟ್ಟಿದ್ದು. ಅವನ ಸೇರೂ ಕಣವೂ ಒಂದೇ ವರ್ಷದವು ಎಂದಾಯಿತು!

ಯಶವಂತಪುರದ ಗಂಧ

ನಮ್ಮ ಕಡೆಯಲ್ಲಿ ಬುದ್ಧಿಗೆ ಮನೆ ಕಟ್ಟಿದ ಮೊದಲಿನ ಸ್ಥಳವೆಂದರೆ ಟಾಟಾ ಇನ್‌ಸ್ಟಿಟ್ಯೂಟು. 1909ರಲ್ಲಿ ಸ್ಥಾಪನೆಯಾಗಿ 1911ರಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡ ಈ ವಿಜ್ಞಾನ ಮಂದಿರಕ್ಕೆ ಮೈಸೂರು ಸರಕಾರ ಕೊಟ್ಟ ನೆಲ 371 ಎಕರೆ. ಅಂದಿನ ಯಶವಂತಪುರ ಊರಾಚೆಯ ಹಳ್ಳಿ. ಗುರುತಿಗೆ ರೈಲು ನಿಲ್ದಾಣವೊಂದು.

1914ರಲ್ಲಿ ಮೊದಲ ಮಹಾಯುದ್ಧ ಬಂತು. ಅದುವರೆಗೆ ಮೈಸೂರಿನ ಶ್ರೀಗಂಧದ ಕೊರಡುಗಳು ಹರಾಜಾಗಿ ಹಡಗೇರಿ ಜರ್ಮನಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿದ್ದುವು. ಯುದ್ಧ ಬಂದೊಡನೆ ಆ ದಾರಿ ಮುಚ್ಚಿತು. ಗಂಧ ಕೊಟ್ಟಿಗೆಯಲ್ಲಿ ರಾಶಿಬಿತ್ತು. ಆಗ ಸಂಸ್ಥಾನದ ಕೈಗಾರಿಕೆಗಳ ನಿರ್ದೇಶಕರಾಗಿದ್ದ ಆಲ್ಫ್ರೆಡ್ ಚಾಟರ್ಟನ್ನರು ವಿಜ್ಞಾನ ಮಂದಿರದ ಕಡೆಗೆ ನೋಡಿದರು. ಅಲ್ಲಿ ಸಡ್‌ಬರೊ, ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಸುಗಂಧ ತೈಲಗಳ ಮೇಲೆ ಕೆಲಸಮಾಡುತ್ತಿದ್ದರು. ಪ್ರಯೋಗಶಾಲೆಯ ಬಟ್ಟಿಯಲ್ಲಿ ಇಳಿದ ಎಣ್ಣೆಯಿಂದ 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ಹುಟ್ಟಿತು. ಮರುವರ್ಷ ಮೈಸೂರಿನಲ್ಲಿ ಇನ್ನೊಂದು. ಅದರ ಬೆನ್ನಿಗೇ ಸಾಬೂನಿನ ಕಾರ್ಖಾನೆ. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಕಲಿತುಬಂದ ವಿದ್ಯೆಯಿಂದ ಮೈಸೂರು ಸ್ಯಾಂಡಲ್ ಸೋಪು ಮನೆಮನೆಯ ಬಚ್ಚಲಿಗೆ ಬಂತು. ಆ ಕಾರ್ಖಾನೆ ಮುಂದೆ ನಮ್ಮ ಯಶವಂತಪುರದ ನೆರೆಗೇ ಬಂದು ನೆಲೆಸಿತು. ಈಗ ಅಲ್ಲಿಯ ಮೆಟ್ರೋ ನಿಲ್ದಾಣಕ್ಕೂ ಅದರದೇ ಹೆಸರು.

ಈ ಇಡೀ ಕಥೆಯಲ್ಲಿ ಪೇಟೆಂಟಿನ ಕಣ್ಣಿಗೆ ಬೀಳುವಂಥದು ಎಷ್ಟಿದೆ? ಹಬೆ ಹಾಯಿಸಿ ಎಣ್ಣೆ ಇಳಿಸುವ ವಿದ್ಯೆ ಹಳೆಯದು. ಸಾಬೂನು ಕುದಿಸುವುದು ಅದಕ್ಕಿಂತ ಹಳೆಯದು. ಪೇಟೆಂಟಿಗೆ ಬೇಕಾದ್ದು ಜಗತ್ತಿನಲ್ಲಿ ಎಲ್ಲೂ ಇಲ್ಲದ ಹೊಸತನ. ಹಡಗಿನ ದಾರಿ ಮುಚ್ಚಿದಾಗ ಎರಡೇ ವರ್ಷಗಳಲ್ಲಿ ಒಂದು ದೇಶಕ್ಕೆ ಹೊಸದಾದ ಕೈಗಾರಿಕೆಯನ್ನು ಕಟ್ಟಿ ನಿಲ್ಲಿಸುವ ಹೊಸತನಕ್ಕೆ ಆ ಪುಸ್ತಕದಲ್ಲಿ ಕಾಲಂ ಇಲ್ಲ.

ವಿಜ್ಞಾನ ಮಂದಿರದ ಇನ್ನೊಬ್ಬರ ಕಥೆ ಇದಕ್ಕಿಂತ ವಿಚಿತ್ರ. 1916ರಲ್ಲಿ ಗಿಲ್ಬರ್ಟ್ ಫೌಲರ್ ಎಂಬ ಪ್ರಾಧ್ಯಾಪಕರು ಮ್ಯಾಂಚೆಸ್ಟರಿನಿಂದ ಇಲ್ಲಿಗೆ ಬಂದರು. ಊರಿನ ಕೊಳಚೆ ನೀರಿಗೆ ಗಾಳಿ ಹಾಯಿಸಿ, ಅದರಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಕೆಸರಿನಿಂದಲೇ ನೀರನ್ನು ತಿಳಿಮಾಡುವ ವಿಧಾನ ಅವರ ಪ್ರೇರಣೆಯಿಂದ ಮೊಳೆತದ್ದು. ಅವರ ಸೂಚನೆಯನ್ನು ಹಿಡಿದು ಪ್ರಯೋಗಮಾಡಿದ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು 1914ರ ಏಪ್ರಿಲಿನಲ್ಲಿ ಅದನ್ನು ಲೋಕದ ಮುಂದಿಟ್ಟರು. ಆದರೆ ಪೇಟೆಂಟುಗಳು ಹೋದದ್ದು ಜೋನ್ಸ್ ಅಂಡ್ ಅಟ್‌ವುಡ್ ಎಂಬ ಯಂತ್ರೋದ್ಯಮದ ಕಂಪೆನಿಗೆ. ಮುಂದೆ ಆ ಹಕ್ಕುಗಳ ಬಲದಿಂದ ಅಮೆರಿಕದ ಶಿಕಾಗೊ, ಮಿಲ್ವಾಕಿ ನಗರಗಳ ಮೇಲೆ ದಾವೆಗಳಾದುವು. ಮಿಲ್ವಾಕಿ ನಗರ ಸೋತಿತು. ಫೌಲರರು ಅಷ್ಟರಲ್ಲಿ ಬೆಂಗಳೂರಿನಲ್ಲಿ ಪಾಠ ಹೇಳುತ್ತ, ಈ ದೇಶದ ಊರುಗಳ ಕೊಳಚೆಯನ್ನು ಗೊಬ್ಬರಮಾಡುವ ಯೋಚನೆಯಲ್ಲಿದ್ದರು. ಇಂದು ಹೆಬ್ಬಾಳದ ಕಣಿವೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಶುದ್ಧಿಮಾಡುವುದು, ಶುದ್ಧಿಮಾಡಿದ ನೀರನ್ನು ಹೆಬ್ಬಾಳ-ನಾಗವಾರ ಯೋಜನೆಯಂತೆ ಚಿಕ್ಕಬಳ್ಳಾಪುರದ ಒಣಗಿದ ಕೆರೆಗಳಿಗೆ ಹರಿಸುವುದು, ಎಲ್ಲಕ್ಕೂ ಮೂಲದಲ್ಲಿ ಆ ಗಾಳಿ ಹಾಯಿಸುವ ತತ್ವವಿದೆ. ಆದರೆ ಸೇರಿನಲ್ಲಿ ಅಳೆದರೆ ಆ ರಾಶಿ ಒಂದು ಕಂಪೆನಿಯ ಕಣಜಕ್ಕೆ ಜಮೆ.

ಹೀಗೆಂದು ಪೇಟೆಂಟು ಪಡೆದವರೆಲ್ಲ ಹಣಕ್ಕೆ ಬಾಯಿಬಿಟ್ಟವರೆಂದು ಹೇಳಲಾಗದು. ಹೆಬ್ಬಾಳದಿಂದ ಉತ್ತರಕ್ಕೆ ಹೋದರೆ ನಂದಿಬೆಟ್ಟದ ಆಚೆ ಮುದ್ದೇನಹಳ್ಳಿ. ಅಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಮುಂಬಯಿ ಸರಕಾರದ ಸೇವೆಯಲ್ಲಿದ್ದಾಗ, ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯಕ್ಕೆ, ನೀರು ಏರಿದಾಗ ತಾವೇ ತೆರೆದು ಇಳಿದಾಗ ತಾವೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು 1903ರಲ್ಲಿ ರೂಪಿಸಿದರು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಂತಿತು. ಅದಕ್ಕೆ ಪೇಟೆಂಟನ್ನೂ ಪಡೆದರು. ಆದರೆ ಸರಕಾರದ ಸಂಬಳದಲ್ಲಿದ್ದುಕೊಂಡು ಮಾಡಿದ ಕೆಲಸಕ್ಕೆ ರಾಯಧನ ಬೇಡವೆಂದರೆಂದು ಪ್ರತೀತಿ. ಆ ದಾಖಲೆಯೂ ಒಂದು ಚುಕ್ಕೆಯೇ. ಅದರ ಹಿಂದಿನ ಮನಸ್ಸು ಚುಕ್ಕೆಯಲ್ಲಿ ಕಾಣುವುದಿಲ್ಲ, ಅಷ್ಟೆ.

ಹೆಬ್ಬಾಳದ ರಾಗಿ

ಇನ್ನು ಹೆಬ್ಬಾಳ. ನಕ್ಷೆಯ ಹಳೆಯ ಹಾಳೆಗಳಲ್ಲಿ ಇದು ಬೋಳು. ನನ್ನ ಮಟ್ಟಿಗೆ ಬೆಂಗಳೂರಿನ ಉತ್ತರದಲ್ಲಿ ಇದಕ್ಕಿಂತ ಫಲವತ್ತಾದ ನೆಲವಿಲ್ಲ.

1899ರಲ್ಲಿ, ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಇಲ್ಲಿ 30 ಎಕರೆ ನೆಲ ಕೊಟ್ಟು ಬೇಸಾಯದ ಪ್ರಯೋಗ ಕ್ಷೇತ್ರವನ್ನು ತೆರೆಸಿದರು. ಲೇಮನ್ ಎಂಬ ರಸಾಯನಶಾಸ್ತ್ರಜ್ಞರು ಮೊದಲು ಬಂದರು. 1908ರಲ್ಲಿ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಬಂದರು. ಬಂದವರು 1934ರವರೆಗೆ ಈ ಸಂಸ್ಥಾನದ ಮಣ್ಣನ್ನೇ ತಮ್ಮ ಮಣ್ಣೆಂದುಕೊಂಡು ದುಡಿದರು.

ಮಲೆನಾಡಿನ ಅಡಕೆ ತೋಟದವರಿಗೆ ಕೊಳೆರೋಗವೆಂದರೆ ಏನೆಂದು ಹೇಳಬೇಕಾಗಿಲ್ಲ. ಮುಂಗಾರು ಹಿಡಿದರೆ ಹಸಿರು ಅಡಕೆ ಕೊಳೆತು ಉದುರಿ, ವರ್ಷದ ಅನ್ನ ಮರದ ಬುಡದಲ್ಲಿ ಬಿದ್ದಿರುತ್ತಿತ್ತು. ಗೊನೆಗಳಿಗೆ ಕೊಟ್ಟೆ ಕಟ್ಟುವುದೊಂದೇ ಆಗಿನ ಉಪಾಯ. ಕೋಲ್ಮನ್ನರು ರೋಗದ ಮೂಲ ಒಂದು ಬೂಷ್ಟೆಂದು ಅಧ್ಯಯನಮಾಡಿ ಗೊತ್ತುಪಡಿಸಿದರು. ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು, ಮಳೆಗೆ ತೊಳೆದುಹೋಗದ ಹಾಗೆ ಅಂಟು ಬೆರೆಸಿ, ಮಳೆಗಾಲಕ್ಕೆ ಮುಂಚೆಯೇ ಗೊನೆಗಳಿಗೆ ಸಿಂಪಡಿಸುವ ಪದ್ಧತಿಯನ್ನು ತಂದರು. ಬೋರ್ಡೋ ದ್ರಾವಣ ಫ್ರಾನ್ಸಿನ ದ್ರಾಕ್ಷಿ ತೋಟದ್ದು, 1880ರ ದಶಕದ್ದು, ಇವರದಲ್ಲ. ಆದರೆ ದ್ರಾಕ್ಷಿಯ ಬಳ್ಳಿಗೂ ತೀರ್ಥಹಳ್ಳಿಯ ಮಳೆಯಲ್ಲಿ ನಲವತ್ತಡಿ ಎತ್ತರದಲ್ಲಿ ತೂಗುವ ಅಡಕೆ ಗೊನೆಗೂ ನಡುವಣ ದೂರವನ್ನು ದಾಟಿಸಿದ ಬುದ್ಧಿ ಯಾರದು? ಮರದಿಂದ ಮರಕ್ಕೆ ಹಾರುತ್ತ ಅದನ್ನು ಸಿಂಪಡಿಸಿದ ಕೊನೆಗಾರರ ಮೈಕೈಗಳ ಜಾಣತನ ಯಾವ ಪುಸ್ತಕಕ್ಕೆ ಹತ್ತಬೇಕು?

ರಾಗಿಯ ಮಾತಿಗೆ ಬರೋಣ. 1918ರಲ್ಲಿ ಹೆಬ್ಬಾಳದಿಂದ ಎಚ್-22 ಎಂಬ ರಾಗಿ ತಳಿ ಹೊರಬಂತು. ರೈತರ ಹೊಲಗಳಿಂದ ಆಯ್ದು, ಬಿತ್ತಿ, ಹೋಲಿಸಿ, ಮತ್ತೆ ಆಯ್ದು ತೆಗೆದ ತಳಿ. ಅದರ ಹಿಂದೆಯೇ ಸಾಲು ಹಿಡಿದು ಬಂದುವು ಬೇರೆ ತಳಿಗಳು. ಮಂಡ್ಯದ ಕಡೆ 'ರಾಗಿ ಲಕ್ಷ್ಮಣಯ್ಯ'ನವರು ಆಫ್ರಿಕದ ರಾಗಿಯನ್ನು ನಮ್ಮ ರಾಗಿಗೆ ಬೆಸೆದು 'ಇಂಡಾಫ್' ತಳಿಗಳನ್ನು ಕೊಟ್ಟರು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಹುಟ್ಟಿದ ಮೇಲೆ, ಯಲಹಂಕದ ದಾರಿಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಿಂದ ಬಂದ ಜಿಪಿಯು-28, ಬೆಂಕಿರೋಗಕ್ಕೆ ಬಗ್ಗದೆ ನಿಂತು ಲಕ್ಷಾಂತರ ಎಕರೆಗೆ ಹರಡಿತು. ಅವರೆಯ ಕಥೆಯೂ ಹಾಗೆಯೇ. ನಮ್ಮ ನಾಟಿ ಅವರೆ ಹಗಲು ಗಿಡ್ಡವಾದರಲ್ಲದೆ ಹೂ ಬಿಡದು. ಆದ್ದರಿಂದಲೇ ಸೊಗಡಿನ ಅವರೆಕಾಯಿ ಧನುರ್ಮಾಸದ ಅತಿಥಿ. ಹಗಲಿನ ಉದ್ದವನ್ನು ಲೆಕ್ಕಿಸದೆ ಯಾವ ಕಾಲದಲ್ಲೂ ಕಾಯಿಬಿಡುವ 'ಹೆಬ್ಬಾಳ ಅವರೆ'ಯನ್ನು ಇಲ್ಲಿಯವರು ತಂದರು. ಸೊಗಡಿನ ವಿಷಯದಲ್ಲಿ ನನ್ನ ಮನೆಯಾಕೆಗೂ ಆ ತಳಿಗೂ ಇಂದಿಗೂ ರಾಜಿಯಾಗಿಲ್ಲ. ಆದರೆ ಬೇಸಿಗೆಯಲ್ಲಿ ಹುಳಿಗೆ ಅವರೆ ಸಿಕ್ಕಿದರೆ ಬೇಡವೆಂದವಳೂ ಅಲ್ಲ.

ಈ ಹೆಬ್ಬಾಳದಲ್ಲೇ 1920ರ ದಶಕದಲ್ಲಿ ಮೈಸೂರು ಸೀರಂ ಸಂಸ್ಥೆ ನಿಂತಿತು, ದನಗಳ ದೊಡ್ಡರೋಗಕ್ಕೆ ಮದ್ದು ತಯಾರಿಸಲೆಂದು. ಹಟ್ಟಿಗೆ ಹಟ್ಟಿಯನ್ನೇ ಖಾಲಿಮಾಡುತ್ತಿದ್ದ ಆ ರೋಗ ಇಂದು ಭೂಮಿಯ ಮೇಲೆಯೇ ಇಲ್ಲ. 2011ರಲ್ಲಿ ಲೋಕದಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ಒಂದು ರೋಗದ ಇಲ್ಲದಿರುವಿಕೆಗೆ ಚುಕ್ಕೆಯಿಡುವುದು ಎಲ್ಲಿ?

ಕಾನೂನಿನ ಮಾತೂ ಇದೆ. 1970ರ ಕಾನೂನಿನ 3ನೆಯ ವಿಧಿಯನ್ನು ತೆರೆದು ನೋಡಿ. ಬೇಸಾಯದ, ತೋಟಗಾರಿಕೆಯ ವಿಧಾನಗಳಿಗೆ ಪೇಟೆಂಟಿಲ್ಲ. ಗಿಡಗಳಿಗೆ, ಬೀಜಗಳಿಗೆ, ತಳಿಗಳಿಗೆ ಪೇಟೆಂಟಿಲ್ಲ. ಅವುಗಳ ರಕ್ಷಣೆಗೆಂದು ರೈತರ ಹಕ್ಕನ್ನೂ ಒಳಗೊಂಡ ಬೇರೆಯೇ ಕಾನೂನು 2001ರಲ್ಲಿ ಬಂತು. ರಾಗಿಯನ್ನು ಒಬ್ಬನ ಸ್ವತ್ತಾಗಲು ಬಿಡಬಾರದೆಂದು ನಾವೇ ತೀರ್ಮಾನಿಸಿ ಸೇರಿನ ಬಾಯನ್ನು ಮುಚ್ಚಿದ್ದೇವೆ. ಅದು ಸರಿಯಾದ ತೀರ್ಮಾನವೆಂದೇ ನನ್ನ ಎಣಿಕೆ. ಆದರೆ ಬಾಯಿ ಮುಚ್ಚಿದ ಸೇರಿನಲ್ಲಿ ರಾಗಿ ಕಾಣಲಿಲ್ಲವೆಂದು, ರಾಗಿಯೇ ಬೆಳೆಯಲಿಲ್ಲವೆಂದು ಸಾರುವುದು ಯಾವ ನ್ಯಾಯ?

ವಿಳಾಸ ಯಾರದು?

ಹುಡುಗನ ಈಚಿನ ಹಾಳೆಗಳ ಚುಕ್ಕೆಜಾತ್ರೆಗೂ ಒಂದು ಪ್ರಶ್ನೆಯುಂಟು. ಇಂಜಿನಿಯರು ಯಲಹಂಕದಲ್ಲಿ ಮನೆಮಾಡಿದ್ದಾನೆ, ನಾಗವಾರದಲ್ಲಿ ಕೆಲಸಮಾಡುತ್ತಾನೆ, ಅವನ ಉಪಜ್ಞೆಯ ಒಡೆತನ ಸಮುದ್ರದಾಚೆಯ ಕಂಪೆನಿಯದು. ಕರ್ನಾಟಕದ ಅರ್ಜಿಗಳು ಸಲ್ಲುವುದು ಚೆನ್ನೈ ಕಚೇರಿಗೆ. ಒಡೆಯನ ವಿಳಾಸ ಹಿಡಿದರೆ ಈ ಚುಕ್ಕೆ ಅಮೆರಿಕದ್ದೋ ಯೂರೋಪಿನದ್ದೋ. ಮಾಡಿದವನ ವಿಳಾಸ ಹಿಡಿದರೆ ಯಲಹಂಕದ್ದು. ಜಾಗತಿಕ ಬೌದ್ಧಿಕ ಆಸ್ತಿ ಸಂಸ್ಥೆಯವರು ಲೋಕದ ನಗರಗಳನ್ನು ಸಾಲುಹಚ್ಚುವಾಗ ಮಾಡಿದವರ ವಿಳಾಸವನ್ನೇ ಹಿಡಿಯುತ್ತಾರೆ. ಹುಡುಗನೂ ಹಾಗೆಯೇ ಮಾಡಿದ್ದಾನೆ. ತಪ್ಪಲ್ಲ. ಆದರೆ ಬುದ್ಧಿ ನಮ್ಮದು, ಕಣಜ ಬೇರೆಯವರದು ಎಂಬುದನ್ನು ಚುಕ್ಕೆ ಹೇಳದು.

ಇದರ ತಲೆಕೆಳಗಾದ ಉದಾಹರಣೆಯೂ ನಮ್ಮ ಕಡೆಯೇ ಇದೆ. ಯಲಹಂಕದ ರೈಲುಗಾಲಿ ಕಾರ್ಖಾನೆ 1984ರಲ್ಲಿ ತೆರೆದಾಗ, ಕರಗಿದ ಉಕ್ಕನ್ನು ಒತ್ತಡದಿಂದ ಗ್ರ್ಯಾಫೈಟ್ ಅಚ್ಚಿಗೆ ಏರಿಸಿ ಗಾಲಿ ಎರಕಹೊಯ್ಯುವ ವಿದ್ಯೆ ಅಮೆರಿಕದ ಗ್ರಿಫಿನ್ ಕಂಪೆನಿಯದು. ಜಾಲಹಳ್ಳಿಯ ಎಚ್.ಎಂ.ಟಿ. 1961ರಲ್ಲಿ ಕೈಗಡಿಯಾರಕ್ಕೆ ಕೈಹಾಕಿದಾಗ ವಿದ್ಯೆ ಜಪಾನಿನ ಸಿಟಿಜನ್ನಿನದು. 1954ರಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸಿಗೆ ಫ್ರೆಂಚ್ ಕಂಪೆನಿಯ ನೆರವು. ಎರವಲು ತಂದ ವಿದ್ಯೆಯನ್ನು ಸಾವಿರಾರು ಕೈಗಳಿಗೆ ಕಲಿಸಿ ಪಳಗಿಸಿದ್ದು ಈ ಊರಿನ ಉತ್ತರದಿಕ್ಕಿನ ಅರ್ಧ ಶತಮಾನದ ಕೆಲಸ. ಇನ್ನು, ವಿಜ್ಞಾನ ಮಂದಿರದ ಪ್ರಾಧ್ಯಾಪಕರೂ ಇತರರೂ ಸೇರಿ, ಬಡವನ ಗಣಕವಾಗಲಿ ಎಂದು 'ಸಿಂಪ್ಯೂಟರ್' ರೂಪಿಸಿದಾಗ ಅದರ ವಿನ್ಯಾಸವನ್ನು ಸಾರ್ವಜನಿಕ ಪರವಾನಗಿಯಡಿ ತೆರೆದಿಟ್ಟರು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸಿನಲ್ಲಿ ತಯಾರಾಗಿ ಹೊರಬಂದ ಅದು ವ್ಯಾಪಾರದಲ್ಲಿ ಗೆಲ್ಲಲಿಲ್ಲ. ಆದರೆ ಅಂಗೈಯಲ್ಲಿ ಹಿಡಿವ ಗಣಕವನ್ನು ಹಳ್ಳಿಯವನ ಕೈಗೆ ಕೊಡಬೇಕೆಂದದ್ದು ಸಣ್ಣ ಮಾತೇ?

ಹೊರಗಿನ ಪಂಡಿತರೂ ಈ ಸೇರಿನ ಗುಣದೋಷಗಳನ್ನು ಬಲ್ಲವರೇ. ಅಮೆರಿಕದ ಜೇಕಬ್ ಷ್ಮೂಕ್ಲರ್ ಎಂಬ ಅರ್ಥಶಾಸ್ತ್ರಜ್ಞ ಕುದುರೆ ಲಾಳದ ಪೇಟೆಂಟುಗಳನ್ನು ವರ್ಷವರ್ಷಕ್ಕೆ ಎಣಿಸಿ, ಕುದುರೆಗೆ ಗಿರಾಕಿಯಿರುವಷ್ಟು ದಿನ ಲಾಳಕ್ಕೆ ಬುದ್ಧಿ ಓಡುತ್ತದೆ, ಮೋಟಾರು ಬಂದೊಡನೆ ನಿಲ್ಲುತ್ತದೆ ಎಂದು ತೋರಿಸಿದ. ಅವನ ಗ್ರಂಥ ಬಂದದ್ದು 1966ರಲ್ಲಿ. ಅದು ಸೇರಿನ ಒಳ್ಳೆಯ ಉಪಯೋಗ. ಪೆಟ್ರಾ ಮೋಸರ್ ಎಂಬಾಕೆ 1851ರ ಲಂಡನ್ನಿನ ಮಹಾ ಪ್ರದರ್ಶನದ ಪಟ್ಟಿಗಳನ್ನು ಹಿಡಿದು ನೋಡಿದಳು: ಅಲ್ಲಿಟ್ಟಿದ್ದ ಬ್ರಿಟಿಷ್ ವಸ್ತುಗಳಲ್ಲಿ ಪೇಟೆಂಟಾಗಿದ್ದುವು 100ಕ್ಕೆ ಸುಮಾರು 11 ಮಾತ್ರ. ಗಡಿಯಾರಕ್ಕೆ ಹೆಸರಾದ ಸ್ವಿಟ್ಸರ್ಲೆಂಡಿನಲ್ಲಿ ಆಗ ಪೇಟೆಂಟ್ ಕಾನೂನೇ ಇರಲಿಲ್ಲ! ಈ ದಾರಿ ನಮಗೂ ತೆರೆದಿದೆ. ಮೈಸೂರಿನಲ್ಲಿ ದಸರಾ ವಸ್ತುಪ್ರದರ್ಶನ ಬಹುಕಾಲದಿಂದ ನಡೆದುಬಂದಿದೆ. ಅದರ ಹಳೆಯ ಪಟ್ಟಿಗಳನ್ನೂ ಬಹುಮಾನದ ದಾಖಲೆಗಳನ್ನೂ ಒಬ್ಬ ತರುಣ ಕೂತು ಓದಿದರೆ, ಕಲ್ಕತ್ತೆಯ ಪುಸ್ತಕ ಹೇಳದ್ದನ್ನು ಅವು ಹೇಳಿಯಾವು.

ಇನ್ನೊಂದು ಎಚ್ಚರ ಬೇಕು. ಸೇರು ದೊಡ್ಡದಾದಷ್ಟೂ ಅದನ್ನು ತುಂಬುವುದೇ ಕಸುಬಾಗುತ್ತದೆ. 2023-24ರಲ್ಲಿ ನಮ್ಮ ದೇಶದಲ್ಲಿ ಒಂದೇ ವರ್ಷ 1 ಲಕ್ಷಕ್ಕೂ ಮೀರಿ ಪೇಟೆಂಟುಗಳು ಮಂಜೂರಾದುವು. ಸಂತೋಷ. ಆದರೆ ಕಾಲೇಜುಗಳ ದರ್ಜೆ ಕಟ್ಟುವಾಗಲೂ ಪೇಟೆಂಟುಗಳನ್ನು ಎಣಿಸುತ್ತಾರೆ. ಎಣಿಸುತ್ತಾರೆಂದು ಗೊತ್ತಾದ ಮೇಲೆ ಎಣಿಕೆಗಾಗಿಯೇ ಅರ್ಜಿ ಹುಟ್ಟದೆ ಇರುತ್ತದೆಯೇ? ಇದಕ್ಕೆ ಕಾನೂನಿನೊಳಗೇ ಮದ್ದಿದೆ. ಪೇಟೆಂಟನ್ನು ಜೀವಂತವಾಗಿಡಲು ಮೂರನೆಯ ವರ್ಷದಿಂದ ನವೀಕರಣದ ಹಣ ಕಟ್ಟಬೇಕು. ಅದು ನಿಜವಾಗಿ ಉಪಯೋಗಕ್ಕೆ ಬಂದಿದೆಯೇ ಎಂದು ಒಡೆಯರು ತಿಳಿಸಬೇಕು. ಎಷ್ಟು ಅರ್ಜಿ ಬಿದ್ದುವೆಂದು ಎಣಿಸುವ ಬದಲು, ಎಷ್ಟನ್ನು ಹತ್ತು ವರ್ಷದ ಮೇಲೂ ಹಣ ಕಟ್ಟಿ ಉಳಿಸಿಕೊಂಡರು, ಎಷ್ಟು ಬಳಕೆಯಾದುವು ಎಂದು ಎಣಿಸಿದರೆ, ಜೊಳ್ಳು ಹಾರಿ ಕಾಳು ಉಳಿದೀತು.

ನಮ್ಮ ತಂದೆಯ ಇಪ್ಪತ್ತೈದು ರೂಪಾಯಿ

ಇಷ್ಟೆಲ್ಲವನ್ನೂ ಹುಡುಗನಿಗೆ ಹೇಳಿದೆ. ಎರಡು ಲೋಟ ಕಾಫಿ ಖರ್ಚಾಯಿತು. ಅವನು ವಾದಮಾಡಲಿಲ್ಲ, ಗುರುತುಹಾಕಿಕೊಂಡ. ನಾನು ಗೆದ್ದೆನೆಂದುಕೊಂಡೆ. ಆಗ ನನ್ನ ಮನಸ್ಸಿನ ಮುಳ್ಳು ಯಾವುದೆಂಬುದನ್ನೂ ಹೇಳಿದೆ.

ನಮ್ಮ ತಂದೆ ಊರಿನ ಉತ್ತರದ ಕಾರ್ಖಾನೆಯೊಂದರಲ್ಲಿ ಉಪಕರಣ ತಯಾರಿಸುವ ವಿಭಾಗದ ಕೆಲಸಗಾರರಾಗಿದ್ದರು. 1968ರಲ್ಲಿ ಅವರು ಒಂದು ಹಿಡಿಕೆಯನ್ನು ಮಾಡಿದರು. ತೂತು ಕೊರೆಯಬೇಕಾದ ಚಿಕ್ಕ ಬಿಡಿಭಾಗವನ್ನು ಹಿಂದೆ ಒಂದೊಂದಾಗಿ ಬಿಗಿದು, ಸಡಿಲಿಸಿ, ಮತ್ತೆ ಬಿಗಿಯಬೇಕಾಗಿತ್ತು. ಸ್ವಲ್ಪ ಅಲುಗಿದರೆ ಮಾಲು ರದ್ದಿಗೆ. ತಂದೆಯವರು ಹಳೆಯ ಗೋಡೆಗಡಿಯಾರದ ಸ್ಪ್ರಿಂಗೊಂದನ್ನು ಮನೆಗೆ ತಂದು, ಅಡಿಗೆಮನೆಯ ಮಣೆಯ ಮೇಲೆ ನಾಲ್ಕು ರಾತ್ರಿ ಕೂತು, ನಾಲ್ಕು ಬಿಡಿಭಾಗಗಳನ್ನು ಒಮ್ಮೆಗೇ ಕಚ್ಚಿಹಿಡಿದು ಒಂದೇ ತಟ್ಟಿಗೆ ಬಿಡುವ ಹಿಡಿಕೆಯ ಮಾದರಿಯನ್ನು ಮಾಡಿದರು. ಸಲಹೆಯ ಪೆಟ್ಟಿಗೆಗೆ ಚೀಟಿ ಹಾಕಿದರು. ಇಪ್ಪತ್ತೈದು ರೂಪಾಯಿ ಬಹುಮಾನವೂ ಒಂದು ಮೆಚ್ಚುಗೆಯ ಪತ್ರವೂ ಬಂದುವು. ಹಣದಲ್ಲಿ ಅಮ್ಮನಿಗೆ ಸೀರೆ ಬಂತು. ಪತ್ರಕ್ಕೆ ಕಟ್ಟುಹಾಕಿಸಿ ದೇವರ ಮನೆಯ ಬಾಗಿಲ ಮೇಲೆ ತೂಗುಹಾಕಿದರು. ಅದು ಈಗ ನನ್ನ ಮನೆಯಲ್ಲಿದೆ. ಅದರಲ್ಲಿ ಸಲಹೆಯ ಸಂಖ್ಯೆಯಿದೆ, ತಂದೆಯವರ ಹೆಸರಿದೆ. ಹಿಡಿಕೆ ಏನೆಂಬುದು ಒಂದು ಅಕ್ಷರವೂ ಇಲ್ಲ. ಆ ಬಿಳಿಯ ಹಾಳೆಯಲ್ಲಿ ನಾನು ಹುಡುಕಿದ್ದು ಅವರ ಚುಕ್ಕೆಯನ್ನು.

ಹುಡುಗ ಪತ್ರವನ್ನು ಎರಡು ಸಲ ಓದಿದ. ಆಮೇಲೆ ಮೆಲ್ಲಗೆ ಅಂದ: "ತಾತ, ಪೇಟೆಂಟ್ ಎಂಬ ಮಾತಿಗೆ ಮೂಲದಲ್ಲಿ 'ತೆರೆದದ್ದು' ಎಂದು ಅರ್ಥ. ಎಲ್ಲರೂ ಓದಲೆಂದು ತೆರೆದಿಟ್ಟ ರಾಜಪತ್ರ. ಹಕ್ಕು ಕೊಡುವುದು ಹದಿನಾಲ್ಕೋ ಇಪ್ಪತ್ತೋ ವರ್ಷ. ಪ್ರತಿಯಾಗಿ ಮಾಡಿದ ಬಗೆಯನ್ನು ಬರೆದು, ಚಿತ್ರ ಬಿಡಿಸಿ, ಲೋಕಕ್ಕೆ ಒಪ್ಪಿಸಬೇಕು. ಆ ಕಲ್ಕತ್ತೆಯ ಪಂಖಾದ ಹೆಸರು ನೂರೆಪ್ಪತ್ತು ವರ್ಷದ ಮೇಲೂ ನಿಮಗೆ ಗೊತ್ತಿರುವುದು ಅದಕ್ಕೇ ಅಲ್ಲವೇ?"

ನಾನು ಉತ್ತರಕೊಡಲಿಲ್ಲ. ಅಳತೆಯ ದೋಷಗಳನ್ನೆಲ್ಲ ಹೇಳಿದವನಿಗೆ ಈ ಗುಣ ಹೊಳೆದಿರಲಿಲ್ಲ. ಎಚ್-22 ಬಿತ್ತನೆಯಲ್ಲಿ ಉಳಿಯಿತು, ಗಂಧದೆಣ್ಣೆ ಸಾಬೂನಿನಲ್ಲಿ ಉಳಿಯಿತು, ಫೌಲರರ ಗಾಳಿ ಕೆರೆಯಲ್ಲಿ ಉಳಿಯಿತು. ಅವಕ್ಕೆ ಪುಸ್ತಕದ ಹಂಗಿಲ್ಲ. ಆದರೆ ಕಾರ್ಖಾನೆಯ ಮೂಲೆಯಲ್ಲಿ, ಅಡಿಗೆಮನೆಯ ಮಣೆಯ ಮೇಲೆ ಹುಟ್ಟಿದ ಸಾವಿರಾರು ಸಣ್ಣ ಜಾಣತನಗಳಿಗೆ ಬರಹವಲ್ಲದೆ ಬೇರೆ ಆಸರೆಯೆಲ್ಲಿದೆ? ಯಶವಂತಪುರ, ಜಾಲಹಳ್ಳಿಗಳ ಹಳೆಯ ಕೆಲಸಗಾರರು ಇನ್ನೂ ಕೆಲವರು ನಮ್ಮ ಬೀದಿಗಳಲ್ಲಿದ್ದಾರೆ. ಅವರನ್ನು ಕೇಳಿ ಬರೆದಿಡುವ ಪುಸ್ತಕವೊಂದು ಬೇಕು. ಅದಕ್ಕೆ ಚೆನ್ನೈಗೆ ಅರ್ಜಿ ಹಾಕಬೇಕಾಗಿಲ್ಲ.

ಹುಡುಗ ನಕ್ಷೆಯ ಹಿಂಬದಿಯನ್ನು ನನ್ನ ಮುಂದಿಟ್ಟು ಪೆನ್ಸಿಲು ಕೊಟ್ಟ. "ಆ ಹಿಡಿಕೆ ಹೇಗಿತ್ತು, ಬಿಡಿಸಿ ತೋರಿಸಿ, ತಾತ. ಒಂದು ಚುಕ್ಕೆ ಇಡುತ್ತೇನೆ."

ಬಿಡಿಸತೊಡಗಿದೆ. ನಾಲ್ಕು ಹಲ್ಲು, ನಡುವೆ ಒಂದು ಗೂಟ, ಮೇಲೆ ತಟ್ಟುವ ಕೊಕ್ಕೆ. ಅಷ್ಟರವರೆಗೆ ಸರಿಯಾಗಿಯೇ ಬಂತು. ಆದರೆ ಆ ಗಡಿಯಾರದ ಸ್ಪ್ರಿಂಗು ಗೂಟದ ಎಡಕ್ಕಿತ್ತೋ ಬಲಕ್ಕಿತ್ತೋ, ಎಷ್ಟು ಹೊತ್ತು ಯೋಚಿಸಿದರೂ ನೆನಪಾಗಲಿಲ್ಲ.